ಸ್ಮ್ಯಾಷ್ ಕಲಿಸದ ವಾಲಿಬಾಲ್ ಮೇಷ್ಟ್ರು: ದುಡ್ಡು ಕೊಟ್ಟು ಕರೆಸಬಹುದಾ?

ಮೊದಲೇ ಹೇಳಿಬಿಡುತ್ತೇನೆ. ನಿಮ್ಮೂರಿನ ಹುಡುಗರಿಗೆ ಎಗರಿ ಸ್ಮ್ಯಾಷ್ ಹೊಡೆಯುವುದು ಕಲಿಸಬೇಕು ಅಂತಿದ್ದರೆ ಈ ಮೇಷ್ಟ್ರನ್ನು ಕರೆಸಬೇಡಿ. ಅವರು ಅದನ್ನು ಕಲಿಸುವುದಿಲ್ಲ. ಕೇಳಿದರೆ "ಹೊಡೆಯೋದು ನಿಮಗೆ ಬರುತ್ತಲ್ಲ ಮಾರಾಯ, ಒಬ್ಬ ಹೊಡೆಯುವಾಗ ಉಳಿದ ಐದು ಜನ ಎಂತ ಮಾಡ್ತಾರೆ ಅದು ಹೇಳು" ಅನ್ನುತ್ತಾರೆ. ಒಳ್ಳೆ ಆಟಗಾರರಿದ್ದೂ ಮ್ಯಾಚು ಕೈಬಿಟ್ಟು ಹೋಗುತ್ತಿದೆ ಅನ್ನುವ ಊರಿನವರು ಮಾತ್ರ ಮುಂದೆ ಓದಿ.

ನಾನು ನಮ್ಮೂರ ಯುವಕ ಸಂಘದ ಖಜಾಂಚಿ. ಹಗಲು ಸೊಸೈಟಿಯಲ್ಲಿ ಗುಮಾಸ್ತ. ಕೋರ್ಟಿನಲ್ಲಿ ಹಿಂದಿನ ಸಾಲು. ವಯಸ್ಸು ನಲವತ್ತು ದಾಟಿದೆ, ಎಗರುವ ಕೆಲಸ ಬೇರೆಯವರಿಗೆ ಬಿಟ್ಟಿದ್ದೇನೆ. ದುಡ್ಡು ನನ್ನ ಕೈಯಿಂದಲೇ ಹೋಗಿದ್ದು, ಹಾಗಾಗಿ ಬಂದದ್ದೆಷ್ಟು ಹೋದದ್ದೆಷ್ಟು ಅಂತ ಹೇಳುವ ಹಕ್ಕೂ ನನಗಿದೆ. ನಮ್ಮೂರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ಹತ್ತಿರ ಒಳಗೆ ತಿರುಗಿದರೆ ಸಿಗುತ್ತದೆ.

ಮೇಷ್ಟ್ರು ನಿವೃತ್ತ ದೈಹಿಕ ಶಿಕ್ಷಕರು, ಮನೆ ಶಿವಮೊಗ್ಗ. ಶನಿವಾರ, ಭಾನುವಾರ ಕರೆದ ಊರಿಗೆ ಹೋಗಿ ಟೀಮು ತಿದ್ದಿಕೊಡುತ್ತಾರೆ. ಹೆಸರು, ನಂಬರ್ ಹಾಕಬೇಡ ಅಂತ ಅವರೇ ಹೇಳಿದ್ದಾರೆ. ಬೇಕಾದವರು ನೆಹರೂ ಕ್ರೀಡಾಂಗಣದ ಕಡೆ ಹಳೆ ವಾಲಿಬಾಲ್ ಆಟಗಾರರನ್ನು ವಿಚಾರಿಸಿ. ದಿನಕ್ಕೆ 1,800 ರೂಪಾಯಿ. ಬಸ್ ಚಾರ್ಜ್ ಬೇರೆ. ಮಧ್ಯಾಹ್ನದ ಊಟ ನಮ್ಮದು. ಬಿಲ್ಲು ಕೊಡುವುದಿಲ್ಲ. ನಾನು ಸಂಘದ ಪುಸ್ತಕದಲ್ಲಿ "ತರಬೇತಿ ಖರ್ಚು" ಅಂತ ಬರೆದು ಪಕ್ಕದಲ್ಲಿ ಸಹಿ ಹಾಕಿಸಿಕೊಂಡೆ. ಗೊಣಗಿಕೊಂಡೇ ಹಾಕಿದರು.

ನಮ್ಮಲ್ಲಿ ಆಟಕ್ಕೇನೂ ಕಡಿಮೆ ಇರಲಿಲ್ಲ. ಸ್ಮ್ಯಾಷ್ ಹೊಡೆಯುವವನು ಕೊನೆಗಾರ. ಸೀಸನ್ ಪೂರ್ತಿ ದೋಟಿ ಅನ್ನುವ ಉದ್ದನೆ ಕೋಲು ಹಿಡಿದು ಅಡಿಕೆ ಕೊನೆ ಇಳಿಸುವ ಕೈ ಅದು, ಹೊಡೆದರೆ ಬಾಲು ಕಣ್ಣಿಗೆ ಕಾಣುವುದಿಲ್ಲ. ಅವನಿಗೆ ಬಾಲು ಎತ್ತಿ ಕೊಡುವ ಲಿಫ್ಟರ್ ಆಟೋ ಓಡಿಸುತ್ತಾನೆ. ನೆಟ್ ಹತ್ತಿರ ಕೈ ಎತ್ತಿ ಎದುರಿನವರ ಸ್ಮ್ಯಾಷ್ ತಡೆಯುವ ಬ್ಲಾಕಿಗೆ ಆರಡಿ ಉದ್ದದ ಹುಡುಗ, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾನೆ, ಕರೆಂಟು ಹೋದ ದಿನ ಪ್ರಾಕ್ಟೀಸಿಗೆ ಬೇಗ ಬರುತ್ತಾನೆ. ಪಂಚಾಯ್ತಿ ನೀರುಗಂಟಿ ಒಬ್ಬ, ಐಟಿಐ ಓದುವವನು ಒಬ್ಬ, ಜೊತೆಗೆ ನಾನು. ಹೊನಲು ಬೆಳಕಿನ ಪಂದ್ಯಾವಳಿ ಎಲ್ಲಿ ನಡೆದರೂ ಹೋಗುತ್ತಿದ್ದೆವು. ಎರಡನೇ ಸುತ್ತಿನಲ್ಲಿ ಸೋತು ಬರುತ್ತಿದ್ದೆವು.

ಸೋಲುವ ರೀತಿಯೂ ಒಂದೇ. ಎದುರಿನವರ ಸರ್ವಿಸ್ ಇಬ್ಬರ ಮಧ್ಯೆ ಬರುತ್ತದೆ. ಅವನು ತೆಗೀತಾನೆ ಅಂತ ಇವನು, ಇವನು ತೆಗೀತಾನೆ ಅಂತ ಅವನು. ಬಾಲು ನೆಲಕ್ಕೆ ಬಿದ್ದು ಕೆಂಪು ಧೂಳು ಎದ್ದ ಮೇಲೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಸ್ವಲ್ಪ ಹೊತ್ತು ಆಟ ಇಲ್ಲ, ಬರೀ ಬೈಗುಳ. ಇದರ ಮೇಲೆ ಪಂಚಾಯ್ತಿ ಎಲೆಕ್ಷನ್ ಆಯಿತು. ಕೊನೆಗಾರನಿಗೂ ನೀರುಗಂಟಿಗೂ ಮಾತು ನಿಂತಿತು. ಯಾರ ಕಡೆ ಯಾರು ಅಂತ ಇಲ್ಲಿ ಬೇಡ.

ಒಗ್ಗಟ್ಟಿಗೆ ಅಂತ ನಾವು ಖರ್ಚು ಮಾಡದೇ ಇರಲಿಲ್ಲ. ಹೆಸರು, ನಂಬರ್ ಹಾಕಿಸಿ ಜೆರ್ಸಿ ಹೊಲಿಸಿದೆವು. ಎಲ್ಲರೂ ಸೇರಿ ಕುಂದಾದ್ರಿ ಬೆಟ್ಟ ಹತ್ತಿದೆವು. ರಾತ್ರಿ ಕೋಳಿ ಸಾರು, ಕಡುಬು. ಕಡುಬು ಚೆನ್ನಾಗಿತ್ತು. ಮುಂದಿನ ಮ್ಯಾಚಿನಲ್ಲಿ ಬಾಲು ಮತ್ತೆ ಇಬ್ಬರ ಮಧ್ಯೆಯೇ ಬಿತ್ತು. ಈ ಸಲ ಇಬ್ಬರೂ ಒಂದೇ ಬಣ್ಣದ ಜೆರ್ಸಿ ಹಾಕಿದ್ದರು, ಅಷ್ಟೇ ವ್ಯತ್ಯಾಸ.

ಮೇಷ್ಟ್ರು ಬಂದ ಮೊದಲ ದಿನ ನಮ್ಮನ್ನು ನೋಡಲೇ ಇಲ್ಲ. ಚೀಲದಿಂದ ಟೇಪು ತೆಗೆದು ಕೋರ್ಟ್ ಅಳೆದರು. ಉದ್ದ 18 ಮೀಟರ್, ಅಗಲ 9 ಇರಬೇಕು. ನಮ್ಮದು ಒಂದು ಕಡೆ ಚರಂಡಿ ಇದೆ ಅಂತ ಯಾರೋ ಹಿಂದೆಯೇ ಗೆರೆ ಒಳಗೆ ಎಳೆದಿದ್ದರು, ಯಾರೂ ಕೇಳಿರಲಿಲ್ಲ. ಎರಡೂ ಕಡೆ ನೆಟ್‌ನಿಂದ 3 ಮೀಟರ್ ದೂರಕ್ಕೆ ಎಳೆಯುವ ಗೆರೆಯಂತೂ ಇರಲೇ ಇಲ್ಲ. ಸುಣ್ಣ ತರಿಸಿ ಎಳೆದರು. ಆಮೇಲೆ ನೆಟ್. ಕೊನೆಗಾರನ ಹಳೆ ದೋಟಿಯ ತುಂಡು ಕೇಳಿ, ಅದಕ್ಕೆ 2.43 ಮೀಟರಿಗೆ ಒಂದು, 2.24ಕ್ಕೆ ಒಂದು ಗುರುತು ಹಾಕಿದರು. ಮೊದಲನೆಯದು ಗಂಡಸರಿಗೆ, ಎರಡನೆಯದು ಹೆಂಗಸರಿಗೆ. ನಮ್ಮ ನೆಟ್ ಮಧ್ಯದಲ್ಲಿ ಜೋತು ಬಿದ್ದು ಎರಡಕ್ಕೂ ನಡುವೆ ಎಲ್ಲೋ ಇತ್ತು. ಅಡಿಕೆ ಮರದ ಕಂಬಗಳನ್ನು ಕಿತ್ತು ಮತ್ತೆ ನೆಟ್ಟು, ಹಗ್ಗ ಬಿಗಿದು ಸರಿ ಮಾಡುವ ಹೊತ್ತಿಗೆ ಬಿಸಿಲೇರಿತ್ತು. "ಇದಕ್ಕಾ 1,800?" ಅಂತ ಐಟಿಐ ಹುಡುಗ ನನ್ನ ಕಿವಿಯಲ್ಲಿ ಕೇಳಿದ. ನನಗೂ ಹಾಗೇ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಅವರು ಬಾಲು ಕೈಗೆ ತಗೊಂಡು ಎರಡು ಹೆಬ್ಬೆರಳಿನಿಂದ ಒತ್ತಿದರು. ನಕ್ಕರು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ನಾವು ಬಾಲಿಗೆ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆಯುವವರು. ಕಲ್ಲಿನ ಹಾಗೆ ಆಗುವವರೆಗೆ ಹೊಡೆಯುವುದು, ಗಟ್ಟಿ ಇದ್ದರೆ ಸ್ಮ್ಯಾಷ್ ಚೆನ್ನಾಗಿ ಕೂರುತ್ತದೆ ಅಂತ. ನಿಯಮದ ಪ್ರಕಾರ ವಾಲಿಬಾಲ್‌ನ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 0.30ರಿಂದ 0.325 ಕೆಜಿ. ತೂಕ 260ರಿಂದ 280 ಗ್ರಾಂ. ಅವರ ಹತ್ತಿರ ಪುಟ್ಟ ಗೇಜು ಇತ್ತು. ಅದರ ಸೂಜಿ ಚುಚ್ಚಿ ಗಾಳಿ ಬಿಟ್ಟರು, ಬಿಡುತ್ತಲೇ ಇದ್ದರು. ಬಾಲು ಪೂರ್ತಿ ಮೆತ್ತಗಾಗಿಬಿಡುತ್ತದೆ ಅಂತ ನಮಗೆ ಗಾಬರಿ. ಆಮೇಲೆ ನೀರುಗಂಟಿಗೆ ಕೈ ನೀಡಲು ಹೇಳಿ ಅವನ ಮುಂಗೈ ಮೇಲೆ ಬಾಲು ಬಿಟ್ಟರು. ತಪ್ಪನೆ ಬಂದು ಹಗುರವಾಗಿ ಮೇಲೆ ಹೋಯಿತು. "ನೋವಾಯ್ತಾ?" ಇಲ್ಲ ಅಂದ. "ಇಷ್ಟು ದಿನ ಆಗ್ತಿತ್ತಾ?" ನೀರುಗಂಟಿ ಮುಂಗೈ ತಿರುಗಿಸಿ ತೋರಿಸಿದ. ಹಿಂದಿನ ವಾರದ ಕೆಂಪು ಇನ್ನೂ ಇತ್ತು.

"ಬಾಲು ಬಂದ್ರೆ ಕೈ ಉರಿಯುತ್ತೆ ಅಂತಾದ್ರೆ ಯಾರು ಮುಂದೆ ಬರ್ತಾರೆ? ಪಕ್ಕದವನಿಗೆ ಬಿಡ್ತಾರೆ. ನೀವು ಅದಕ್ಕೆ ಜಗಳ ಅಂತ ಹೆಸರಿಟ್ಟಿದ್ದೀರಿ."

ನನ್ನ ಮಟ್ಟಿಗೆ ಆ ದಿನದ 1,800 ಅಲ್ಲಿಗೇ ವಸೂಲಾಯಿತು. ನಮ್ಮ ಮನಸ್ತಾಪದಲ್ಲಿ ಅರ್ಧ ಭಾಗ ಸೈಕಲ್ ಪಂಪಿನದ್ದಾಗಿತ್ತು.

ಆಮೇಲೆ ಆಟ. ಅವರು ಆಡಿಸುವ ರೀತಿ ವಿಚಿತ್ರ. ಸ್ಮ್ಯಾಷ್ ಬಂದ್. ಬಾಲು ಆಚೆ ದಾಟಿಸುವ ಮೊದಲು ಒಂದು ಟೀಮಿಗೆ ಸಿಗುವ ಮೂರು ಟಚ್ಚೂ ಆಗಲೇಬೇಕು, ಮೂರೂ ಬೇರೆ ಬೇರೆ ಜನ ಮುಟ್ಟಬೇಕು. ಎದುರಿನವರ ಬಾಲು ನೆಟ್ ದಾಟುವುದರೊಳಗೆ ಯಾರಾದರೂ "ನಂದು" ಅಂತ ಕೂಗಬೇಕು. ಕೂಗದೆ ತೆಗೆದರೆ ಎಷ್ಟೇ ಚೆಂದ ತೆಗೆದರೂ ಪಾಯಿಂಟು ಎದುರಿನವರಿಗೆ. ಶುರುವಿನಲ್ಲಿ ಎಲ್ಲರಿಗೂ ನಾಚಿಕೆ. ತೋಟದಲ್ಲಿ ಈ ಗುಡ್ಡದಿಂದ ಆ ಗುಡ್ಡಕ್ಕೆ ಕೂಗು ಹಾಕುವ ಕೊನೆಗಾರ ಕೋರ್ಟಿನಲ್ಲಿ ಬಾಯಿ ಬಿಡಲ್ಲ. ಮೇಷ್ಟ್ರು ಬಿಡಲಿಲ್ಲ. ಒಂದು ಮಧ್ಯಾಹ್ನ ಪೂರ್ತಿ ಬರೀ ಕೂಗಿಸಿದರು. ಪಕ್ಕದ ಮನೆ ಅಜ್ಜಿ ಬಂದು ಯಾರಿಗೆ ಏನಾಯ್ತು ಅಂತ ವಿಚಾರಿಸಿ ಹೋದರು.

ಇಬ್ಬರ ಮಧ್ಯೆ ಬರುವ ಬಾಲಿಗೂ ಒಂದೇ ತೀರ್ಮಾನ: ಎಡಗಡೆ ನಿಂತವನದ್ದು. ಬಲಗಡೆಯವನು ಅವನ ಬೆನ್ನ ಹಿಂದೆ ಸರಿಯಬೇಕು. ಇದೇ ಸರಿ ಅಂತ ಅವರೂ ಹೇಳಲಿಲ್ಲ. "ಬೇರೆ ಕೋಚ್ ಬೇರೆ ಹೇಳಬಹುದು. ಎಲ್ಲರಿಗೂ ಒಂದೇ ಗೊತ್ತಿರಬೇಕು, ಅಷ್ಟೇ" ಅಂದರು.

ಮಾತು ಬಿಟ್ಟ ಇಬ್ಬರ ವಿಷಯ ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ನಾವು ಬುದ್ಧಿವಂತಿಕೆ ಮಾಡಿ ಇಬ್ಬರನ್ನೂ ಎದುರು ಬದುರು ಮೂಲೆಗೆ ಹಾಕಿದ್ದೆವು. ವಾಲಿಬಾಲ್‌ನಲ್ಲಿ ಎದುರಿನವರಿಂದ ಸರ್ವಿಸ್ ನಮ್ಮ ಕೈಗೆ ಬಂದಾಗಲೆಲ್ಲ ಆರೂ ಜನ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಒಂದೊಂದು ಜಾಗ ತಿರುಗಬೇಕು, ಸೆಟ್ ಶುರುವಿನ ಕ್ರಮ ಸೆಟ್ ಮುಗಿಯುವವರೆಗೆ ಬದಲಾಗುವಂತಿಲ್ಲ. ಎದುರು ಬದುರು ಇಟ್ಟರೆ ಒಬ್ಬ ಮುಂದಿದ್ದಾಗ ಇನ್ನೊಬ್ಬ ಹಿಂದೆ, ಪಕ್ಕಪಕ್ಕ ಬರುವ ಪ್ರಶ್ನೆಯೇ ಇಲ್ಲ. ಮೇಷ್ಟ್ರು ಅದನ್ನು ತಲೆಕೆಳಗು ಮಾಡಿ ಇಬ್ಬರನ್ನೂ ಕ್ರಮದಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಹಾಕಿದರು. ಈಗ ಸೆಟ್ ಪೂರ್ತಿ ಅಕ್ಕಪಕ್ಕ. ನಾನು ಹತ್ತಿರ ಹೋಗಿ, ಸಾರ್, ಅವರಿಗೆ ಮಾತಿಲ್ಲ ಅಂದೆ. "ಮಾತು ಯಾರಿಗೆ ಬೇಕು? ನಂದು ಅಂದ್ರೆ ಸಾಕು. ರಾಜಿ ಪಂಚಾಯ್ತಿ ಮಾಡೋಕೆ ನಾನು ಬಂದಿಲ್ಲ."

ಇನ್ನೊಂದು ಪಾಠ ನನಗೆ ತುಂಬ ಹಿಡಿಸಿತು. ಸ್ಮ್ಯಾಷ್‌ಗೆ ಬಿಟ್ಟ ದಿನ, ಕೊನೆಗಾರ ಮೇಲೆ ಎಗರಿ ಬಾಲು ಹೊಡೆದ ಕ್ಷಣಕ್ಕೆ ಸರಿಯಾಗಿ ವಿಷಲ್ ಊದಿ "ಯಾರೂ ಅಲ್ಲಾಡಬೇಡಿ" ಅಂದರು. ನಿಂತಲ್ಲೇ ನಿಂತೆವು. ಲಿಫ್ಟರ್ ಕೈ ಸೊಂಟದ ಮೇಲೆ. ಐಟಿಐ ಹುಡುಗ ಕುತ್ತಿಗೆ ಎತ್ತಿ ಬಾಯಿ ಬಿಟ್ಟಿದ್ದ. ನೀರುಗಂಟಿ ಪಂಚೆ ಸರಿ ಮಾಡಿಕೊಳ್ಳುತ್ತಿದ್ದ. ಆರಡಿ ಹುಡುಗ ಆಗಲೇ ಚಪ್ಪಾಳೆಗೆ ಕೈ ಎತ್ತಿದ್ದ. ನಾನು ಕೋರ್ಟಿನ ಹಿಂದಿನ ಗೆರೆಯ ಹತ್ತಿರ. "ಫೋಟೋಕ್ಕೆ ನಿಂತಿದ್ದೀರಾ?" ಬ್ಲಾಕಿಗೆ ಬಡಿದು ಬಾಲು ವಾಪಸ್ ಬಂದರೆ ಕೊನೆಗಾರನ ಸುತ್ತ ಒಬ್ಬರೂ ಇರಲಿಲ್ಲ. ಬ್ಲಾಕಿನಿಂದ ವಾಪಸ್ ಬಂದ ಬಾಲಿಗೆ ಮತ್ತೆ ಪೂರ್ತಿ ಮೂರು ಟಚ್ ಸಿಗುತ್ತದೆ, ಅದನ್ನು ನಾವು ಸುಮ್ನೆ ಕೊಟ್ಟು ಬರುತ್ತಿದ್ದೆವು. ಅಂದಿನಿಂದ ಅವನು ಎಗರಿದರೆ ಹತ್ತಿರ ಇರುವ ಮೂವರು ಬಗ್ಗಿ ಸುತ್ತುವರಿಯಬೇಕು, ಉಳಿದ ಇಬ್ಬರು ಹಿಂದೆ ಖಾಲಿ ಜಾಗ ನೋಡಬೇಕು. ಕೊನೆಗಾರ ಆಮೇಲೆ ಹೇಳಿದ ಮಾತು: "ಕೆಳಗೆ ಜನ ಇದ್ದಾರೆ ಅಂತ ಗೊತ್ತಿದ್ರೆ ಹೊಡೆಯೋಕೆ ಧೈರ್ಯ ಜಾಸ್ತಿ."

ನನ್ನನ್ನು ಲಿಬೆರೊ ಮಾಡಿದರು. 1998ರಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ಬಂದ ಜಾಗ ಅದು. ಹಿಂದಿನ ಸಾಲಿನಲ್ಲಿ ಮಾತ್ರ, ಬ್ಲಾಕ್ ಮಾಡುವಂತಿಲ್ಲ, ಜೆರ್ಸಿ ಬೇರೆ ಬಣ್ಣ. ಎದುರಿನವರ ಸರ್ವಿಸ್ ತೆಗೆಯಲು ಬಾರದ ಆರಡಿ ಹುಡುಗ ಹಿಂದೆ ಹೋದಾಗ ನಾನು ಒಳಗೆ. ಹಾಗಾದರೆ ಏಳನೆಯವನು ಬೇಕು. ಗೋಡೆ ಮೇಲೆ ಕೂತು ಚರಂಡಿಗೆ ಬಿದ್ದ ಬಾಲು ಹೆಕ್ಕಿ ಕೊಡುತ್ತಿದ್ದ ಪಿಯುಸಿ ಹುಡುಗನನ್ನು ಕರೆದು ನಿಲ್ಲಿಸಿದರು. ಇಷ್ಟು ವರ್ಷ ಅಲ್ಲೇ ಕೂತಿದ್ದ, ನಮ್ಮಲ್ಲಿ ಒಬ್ಬರೂ ಆಡು ಅಂದಿರಲಿಲ್ಲ. ಕೆಲವು ಊರಿನ ಪಂದ್ಯಾವಳಿಯಲ್ಲಿ ಲಿಬೆರೊ ಒಪ್ಪುವುದಿಲ್ಲ, ಮೊದಲೇ ಕೇಳಿಕೊಳ್ಳಿ.

ಪಾಯಿಂಟು ಹೋದರೂ ಬಂದರೂ ಆರೂ ಜನ ಮಧ್ಯಕ್ಕೆ ಬಂದು ಕೈ ತಾಗಿಸಿ ಹೋಗಬೇಕು ಅನ್ನುವುದು ಅವರ ಇನ್ನೊಂದು ನಿಯಮ. ಟಿವಿಯವರ ಹಾಗೆ ಅಂತ ಊರವರು ನಕ್ಕರು. ಟೈಮ್‌ಔಟ್ 30 ಸೆಕೆಂಡ್, ಸೆಟ್ಟಿಗೆ ಎರಡು. ಅದರಲ್ಲಿ ಕ್ಯಾಪ್ಟನ್ ಮತ್ತು ಲಿಫ್ಟರ್ ಮಾತ್ರ ಮಾತಾಡಬೇಕು, ಹಿಂದಿನ ಪಾಯಿಂಟಿನ ಪೋಸ್ಟ್‌ಮಾರ್ಟಂ ಕೂಡದು. ಊಟಕ್ಕೆ ಕೂತಾಗ ಕಾರಣ ಹೇಳಿದರು. ಅವರ ಕಾಲದಲ್ಲಿ 15 ಪಾಯಿಂಟಿನ ಸೆಟ್, ಸರ್ವಿಸ್ ಇದ್ದವರಿಗೆ ಮಾತ್ರ ಪಾಯಿಂಟು. ಎದುರಿನವರು ಬಾಲು ಗೆದ್ದರೆ ಸರ್ವಿಸ್ ಅಷ್ಟೇ ಹೋಗುತ್ತಿತ್ತು. "ಆಗ ಜಗಳ ಆಡೋಕೆ ಟೈಮ್ ಇತ್ತು. ಈಗ 25ರ ಆಟ, ಪ್ರತಿ ಬಾಲಿಗೂ ಪಾಯಿಂಟು. ಮುನಿಸಿಕೊಂಡು ನಿಂತರೆ ಸೆಟ್ ಮುಗಿದಿರುತ್ತೆ." ಊಟದ ಹೊತ್ತಿನ ಈ ಮಾತುಗಳನ್ನು ತಪ್ಪಿಸಿಕೊಳ್ಳಬೇಡಿ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಬಂದ ಬೆಳ್ಳಿ, ಕೇರಳದ ಹೆಸರಾಂತ ಆಟಗಾರ ಜಿಮ್ಮಿ ಜಾರ್ಜ್ ಇದ್ದ ಟೀಮಿನ 1986ರ ಸಿಯೋಲ್ ಕಂಚು, ಎಲ್ಲ ಬರುತ್ತದೆ. 1895ರಲ್ಲಿ ಅಮೆರಿಕದ ಹೋಲಿಯೋಕ್‌ನಲ್ಲಿ ವಿಲಿಯಂ ಮಾರ್ಗನ್ ಈ ಆಟ ಶುರು ಮಾಡಿದ್ದು ಬಾಸ್ಕೆಟ್‌ಬಾಲ್ ತಡೆಯಲಾರದ ವಯಸ್ಸಾದವರಿಗೆ ಅಂದಾಗ ಎಲ್ಲರೂ ನನ್ನ ಕಡೆ ನೋಡಿದರು.

ಇನ್ನು ಸರಿ ಇಲ್ಲದ್ದು. ಬಾಯಿ ಜೋರು. ದೊಡ್ಡವರಾದ ನಮಗೆ ಪರವಾಗಿಲ್ಲ, ಐಟಿಐ ಹುಡುಗ ಒಂದು ದಿನ ಅರ್ಧಕ್ಕೇ ಬೈಕ್ ಹತ್ತಿ ಮನೆಗೆ ಹೋದ. ಮಾರನೇ ವಾರ ಬಂದ, ಆದರೆ ಎಲ್ಲ ಹುಡುಗರೂ ಬರುತ್ತಾರೆ ಅಂತ ಹೇಳಲಾಗದು. ನಾವು ಬೆಳಿಗ್ಗೆ ಆರೂವರೆಗೆ ಇರಬೇಕು, ಅವರು ಮಾತ್ರ ಬಸ್ಸು ಬಂದಾಗ ಬರುತ್ತಾರೆ. ಹಿಂದಿನ ರಾತ್ರಿಯೇ ಬಂದು ಉಳಿದುಕೊಳ್ಳಿ ಅಂದರೆ ಒಪ್ಪಲ್ಲ. ಇಪ್ಪತ್ತರ ಹುಡುಗನಿಗೂ ನನಗೂ ಒಂದೇ ವಾರ್ಮ್‌ಅಪ್, ನನ್ನ ಮಂಡಿಗೆ ಸೋಮವಾರ ಸೊಸೈಟಿಯ ಮೆಟ್ಟಿಲು ಹತ್ತುವುದು ಕಷ್ಟವಾಗುತ್ತಿತ್ತು. ಫೋನ್ ಎತ್ತುವುದು ಅಪರೂಪ. ಹೋಗುವಾಗ ಏನು ಅಭ್ಯಾಸ ಮಾಡಬೇಕು ಅಂತ ಚೀಟಿ ಬರೆದು ಕೊಡುವುದಿಲ್ಲ, ಆರಡಿ ಹುಡುಗ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟಿದ್ದರಿಂದ ಬಚಾವಾದೆವು. ಮೊದಲು ವಿಡಿಯೋಕ್ಕೆ ಬೈದವರು ಆಮೇಲೆ "ಅದು ನನಗೂ ಕಳಿಸು" ಅಂದರು.

ನಮ್ಮೂರ ಹುಡುಗಿಯರೂ ಒಂದು ಭಾನುವಾರ ಕಲಿತರು. ನೆಟ್ ಇಳಿಸಿ ಅದೇ ಪಾಠ. ಎಲ್ಲರೂ ಸ್ಕೂಲಿನಲ್ಲಿ ಥ್ರೋಬಾಲ್ ಆಡಿದವರು, ಬಾಲು ಹಿಡಿದುಬಿಡುವ ಅಭ್ಯಾಸ ಹೋಗಲು ಹೊತ್ತು ಹಿಡಿಯಿತು. ಕೂಗುವುದರಲ್ಲಿ ಮಾತ್ರ ಮೊದಲ ದಿನವೇ ನಮಗಿಂತ ಮುಂದೆ.

ಫಲ ಏನು ಅಂತ ಕೇಳುತ್ತೀರಿ. ಬೇಸಿಗೆಯಲ್ಲಿ ಹೊಸನಗರದ ಕಡೆ ಒಂದು ಹೊನಲು ಬೆಳಕಿನ ಪಂದ್ಯಾವಳಿಗೆ ಹೋದೆವು. ಸೆಮಿಫೈನಲ್‌ವರೆಗೆ ಹೋಗಿ, ಹೊರಗಿನಿಂದ ಆಟಗಾರರನ್ನು ಕರೆತಂದ ಟೀಮಿಗೆ ಮೂರನೇ ಸೆಟ್ಟಿನಲ್ಲಿ ಸೋತೆವು. ಕಪ್ ಬಂತು ಅಂತ ಬರೆಯುವ ಆಸೆ ನನಗೂ ಇತ್ತು. ಆದರೆ ಎರಡನೇ ಸೆಟ್ಟಿನ ಒಂದು ಪಾಯಿಂಟು ಹೇಳಲೇಬೇಕು. ಅವರ ಸರ್ವಿಸ್ ತೇಲಿಕೊಂಡು ಬಂತು, ಸರಿಯಾಗಿ ಕೊನೆಗಾರ ಮತ್ತು ನೀರುಗಂಟಿ ಮಧ್ಯೆ. ಎಡಗಡೆ ಇದ್ದ ಕೊನೆಗಾರ "ನಂದು" ಅಂದ, ನೀರುಗಂಟಿ ಅವನ ಹಿಂದೆ ಸರಿದ. ಬಾಲು ಲಿಫ್ಟರ್‌ಗೆ, ಲಿಫ್ಟರ್‌ನಿಂದ ಐಟಿಐ ಹುಡುಗನಿಗೆ. ಹೊಡೆದ. ಎರಡು ಜೊತೆ ಕೈ ಬ್ಲಾಕ್. ಬಾಲು ನೇರ ಕೆಳಗೆ. ಅಷ್ಟರಲ್ಲಿ ನೀರುಗಂಟಿ ಎಲ್ಲಿಂದ ಅಲ್ಲಿಗೆ ಬಂದನೋ, ಮುಷ್ಟಿ ಒಡ್ಡಿ ಎತ್ತಿದ. ಲಿಫ್ಟರ್ ಈ ಸಲ ಪಿಯುಸಿ ಹುಡುಗನಿಗೆ ಕೊಟ್ಟ. ಅವನು ಹೊಡೆಯುತ್ತಾನೆ ಅಂತ ಯಾರೂ ನಂಬುವ ಹಾಗಿಲ್ಲ, ಅವನೂ ಹೊಡೆಯಲಿಲ್ಲ. ಬೆರಳ ತುದಿಯಿಂದ ಬ್ಲಾಕ್ ಮೇಲೆ ದಾಟಿಸಿ ಖಾಲಿ ಮೂಲೆಗೆ ಪ್ಲೇಸ್ ಮಾಡಿದ. ಆರೂ ಜನ ಮಧ್ಯಕ್ಕೆ ಹೋದೆವು. ಕೊನೆಗಾರ, ನೀರುಗಂಟಿ ಕೈ ತಾಗಿಸಿದರು, ಮುಖ ನೋಡಲಿಲ್ಲ. ವಾಪಸ್ ಬರುವಾಗ ಜೀಪಿನಲ್ಲಿ ಒಬ್ಬ ಮುಂದೆ ಕೂತ, ಇನ್ನೊಬ್ಬ ಹಿಂದೆ. ಇವತ್ತಿಗೂ ಮಾತಿಲ್ಲ. ಆಟ ಆಡುತ್ತಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದದ್ದು ಬಾಯಿಗೆ ಮತ್ತು ಬಸ್ಸಿಗೆ.

ಕರೆಸುವವರಿಗೆ ಒಂದೆರಡು ಮಾತು. ಮಳೆಗಾಲದಲ್ಲಿ ನಮ್ಮ ಕಡೆ ಕೋರ್ಟ್ ಇರುವುದಿಲ್ಲ, ಗದ್ದೆ ಇರುತ್ತದೆ. ಅಡಿಕೆ ಕೊಯ್ಲಿನ ಹೊತ್ತಲ್ಲಿ ಆಟಗಾರರೇ ಸಿಗಲ್ಲ. ಹಾಗಾಗಿ ಫೆಬ್ರುವರಿಯಿಂದ ಮೇ ಒಳಗೆ ನೋಡಿಕೊಳ್ಳಿ. ಎರಡು ಬಾಲು, ಸುಣ್ಣ, ಹೊಸ ಹಗ್ಗ ತಯಾರಿರಲಿ, ಗೇಜು ಅವರೇ ತರುತ್ತಾರೆ. ಶನಿವಾರ ಕೋಳಿ ಮಾಡಬೇಡಿ, ತಿನ್ನುವುದಿಲ್ಲ. ಮುಂಗಡ ಕೇಳುವುದಿಲ್ಲ, ಆದರೆ ಬರುವುದು ಬೇಡ ಅಂತಾದರೆ ಶುಕ್ರವಾರದೊಳಗೆ ಹೇಳಿಬಿಡಿ. ಫೋನ್ ಎತ್ತದಿದ್ದರೆ ಮೆಸೇಜ್ ಹಾಕಿ, ರಾತ್ರಿ ಊಟ ಆದ ಮೇಲೆ ನೋಡುತ್ತಾರೆ.